ಹಿತ್ತಲ ಬಾಗಿಲಿಗೆ ಬರುತ್ತಿದ್ದ ಆರ್ಕಿಡ್

ಚಿಕ್ಕಮಾದಯ್ಯನವರ ಜಾತಿ ಯಾವುದೆಂದು ನಾನು ಇಲ್ಲಿ ಬರೆಯುವುದಿಲ್ಲ. ಓದುವವರಲ್ಲಿ ಅರ್ಧ ಜನ ಮೊದಲು ಅದನ್ನೇ ಹುಡುಕುತ್ತಾರೆಂದು ಗೊತ್ತಿದ್ದೇ ಬರೆಯುತ್ತಿಲ್ಲ. ಹುಡುಕಲಿ. ಮೈಸೂರಿನ ಜಯಲಕ್ಷ್ಮಿಪುರಂನ ಹನ್ನೊಂದು ಮನೆಗಳ ಗಿಡಗಳನ್ನು ಹನ್ನೆರಡು ವರ್ಷ ನೋಡಿಕೊಂಡವರು, ಆ ಹನ್ನೊಂದರಲ್ಲಿ ಒಂದೇ ಒಂದು ಮನೆಯ ಹಾಲನ್ನೂ ನೋಡದವರು ಎಂದು ಹೇಳಿದರೆ ಸಾಕು. ಅವರಿಗೆ ಕಾಫಿ ಕೊಡುವ ಲೋಟ ಪ್ರತಿ ಮನೆಯಲ್ಲೂ ಬೇರೆ ಇರುತ್ತಿತ್ತು. ಒಗೆಯುವ ಕಲ್ಲಿನ ಪಕ್ಕದ ಗೂಡಿನಲ್ಲೋ, ಅಡುಗೆಮನೆ ಕಿಟಕಿಯ ಹೊರಗೋ ಅದನ್ನು ಕವುಚಿ ಇಟ್ಟಿರುತ್ತಿದ್ದರು. ನನ್ನ ಮನೆಯಲ್ಲೂ ಹಾಗೇ ಇತ್ತು. ಅದನ್ನು ಮುಚ್ಚಿಟ್ಟು ಈ ಬರಹ ಬರೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕಾಗುತ್ತದೆ.

ನಾನು ಸದಾಶಿವಯ್ಯ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಮನೆ ಪಕ್ಕದ ಒಂಟಿಕೊಪ್ಪಲ್‌ನಲ್ಲಿ, ಅಲ್ಲಿನ ಹಿತ್ತಲಿಗೂ ಮಾದಯ್ಯ ಆಗಾಗ ಬರುತ್ತಿದ್ದರು. ದುಂಡಗೆ ಬರೆಯುತ್ತೇನೆಂಬ ಒಂದೇ ಕಾರಣಕ್ಕೆ ಊರಿನ ಬರೆಯುವ ಕೆಲಸವೆಲ್ಲ ನನ್ನ ತಲೆಗೆ ಕಟ್ಟಿಕೊಂಡಿತ್ತು. ಮದುವೆಮನೆ ಬೋರ್ಡು, ಸನ್ಮಾನಪತ್ರ, ಆಮೇಲೆ ದಸರಾ ಸಮಯದ ಹೂವಿನ ಪ್ರದರ್ಶನದ ಚೀಟಿಗಳು. ಜಯಲಕ್ಷ್ಮಿಪುರಂನ ಹೆಂಗಸರು ಸೇರಿ ಪುಷ್ಪಪ್ರಿಯರ ಬಳಗ ಎಂದು ಕಟ್ಟಿಕೊಂಡಿದ್ದರು. ವರ್ಷಕ್ಕೊಮ್ಮೆ ಒಂದು ಕಲ್ಯಾಣಮಂಟಪ ಹಿಡಿದು ತಂತಮ್ಮ ಮನೆಯ ಕುಂಡಗಳನ್ನು ತಂದು ಜೋಡಿಸುತ್ತಿದ್ದರು. ಪ್ರತಿ ಕುಂಡದ ಮುಂದೆ ಒಂದು ಚೀಟಿ. ಮೇಲೆ ಗಿಡದ ಹೆಸರು, ಕೆಳಗೆ ‘ಬೆಳೆಸಿದವರು’ ಎಂದು ಮನೆಯ ಯಜಮಾನಿಯ ಹೆಸರು. ಬುಡಕ್ಕೆ ಗೊಬ್ಬರ ಹಾಕಿ, ಹುಳ ಆರಿಸಿ, ಆ ಕುಂಡಗಳನ್ನು ಸೈಕಲ್ ಮೇಲೆ ಮಂಟಪಕ್ಕೆ ತಂದು ಇಳಿಸುತ್ತಿದ್ದವರು ಮಾದಯ್ಯ. ಚೀಟಿ ಬರೆಯುತ್ತ ಅಲ್ಲೇ ಕೂತಿರುತ್ತಿದ್ದವನು ನಾನು. ಹತ್ತಾರು ವರ್ಷ ಆ ಪದ ಬರೆದೆ, ಒಂದು ದಿನವೂ ಕೈ ನಡುಗಲಿಲ್ಲ.

ಮಾದಯ್ಯನವರದು ತಿ. ನರಸೀಪುರದ ಕಡೆಯ ಹಳ್ಳಿ. ಹೂಟಗಳ್ಳಿಯಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲಕ್ಕೆ ಕೆಲಸ ಹುಡುಕಿಕೊಂಡು ಬಂದರು. ಕಾರ್ಖಾನೆಯಲ್ಲಿ ಸಿಗಲಿಲ್ಲ, ಅಲ್ಲೇ ಹತ್ತಿರದ ಒಂದು ನರ್ಸರಿಯಲ್ಲಿ ಸಿಕ್ಕಿತು. ನರ್ಸರಿಯ ಯಜಮಾನನಿಗೆ ಆರ್ಕಿಡ್ ಹುಚ್ಚು. ಹಸಿರು ಬಲೆಯ ನೆರಳಿನ ಕೆಳಗೆ ನಾನಾ ಬಗೆಯ ಆರ್ಕಿಡ್ ತೂಗುಹಾಕಿದ್ದನಂತೆ. ಅವುಗಳ ಮಧ್ಯೆ ಮಾದಯ್ಯ ಎಂಟು ವರ್ಷ ಇದ್ದರು. ಆ ಜಾಗವೂ ಸೈಟುಗಳಾಗಿ ನರ್ಸರಿ ಮುಚ್ಚಿದ ಮೇಲೆ, ತೊಂಬತ್ತೆರಡರಲ್ಲಿ, ಹಳೆಯ ಸೈಕಲ್ಲಿನ ಹ್ಯಾಂಡಲ್ಲಿಗೆ ಕತ್ತರಿ, ಕುಡುಗೋಲು, ಸಣ್ಣ ಗುದ್ದಲಿಗಳ ಚೀಲ ನೇತುಹಾಕಿಕೊಂಡು ಮನೆಮನೆ ತೋಟದ ಕೆಲಸ ಹಿಡಿದರು.

ಬೇಗ ಹೆಸರು ಬಂತು. ಅವರ ಕೈಗುಣ ಒಳ್ಳೆಯದು ಎಂದು ಮಾತಾಯಿತು. ತೆಂಗಿನ ಸಸಿ ನೆಡಬೇಕೇ, ಮಾದಯ್ಯ ಬರಲಿ. ಮಲ್ಲಿಗೆ ಕಡ್ಡಿ ಊರಬೇಕೇ, ಮಾದಯ್ಯ ಬರಲಿ. ಮೂರನೇ ಮೇನಿನ ದೇವಿರಮ್ಮನವರು ಕರಿಬೇವಿನ ಗಿಡ ನೆಡಲು ಅವರಿಗಾಗಿ ಹದಿನೈದು ದಿನ ಕಾದಿದ್ದರು. ನೆಟ್ಟ ಮೇಲೆ ಆ ಕೈಗೆ ಎತ್ತರದಿಂದ ನೀರು ಸುರಿದು ತೊಳೆಸಿ, ಆ ಬೇರೆ ಲೋಟದಲ್ಲಿ ಕಾಫಿ ಕೊಟ್ಟರು. ಕೈಗುಣ ಬೇಕು, ಕೈ ಬೇಡ. ಇದನ್ನು ನಾನು ಆಗಲೂ ನೋಡಿದ್ದೆ. ನಗು ಬಂದಿತ್ತು. ಈಗ ನೆನೆದರೆ ಮೈ ಉರಿಯುತ್ತದೆ.

ಬಳಗದ ಅಧ್ಯಕ್ಷೆ ಸರ್ವಮಂಗಳಕ್ಕ ನನ್ನ ಹೆಂಡತಿ ಶಾರದಳ ದೊಡ್ಡಮ್ಮನ ಮಗಳು. ದೊಡ್ಡ ಮನೆ, ದೊಡ್ಡ ಗಂಟಲು. ಹಾಲ್‌ನಲ್ಲಿ ಬಾಗಿಲಿಗೆ ಎದುರಾಗಿ ಬಸವಣ್ಣನವರ ಆಳೆತ್ತರದ ಪಟ. ಬಸವ ಜಯಂತಿಗೆ ಬೀದಿಗೆಲ್ಲ ಪಾನಕ ಹಂಚಿಸುತ್ತಿದ್ದರು. ಆ ಪಾನಕವನ್ನೂ ಮಾದಯ್ಯ ಗೇಟಿನ ಆಚೆ ನಿಂತೇ ಕುಡಿದಿದ್ದಾರೆ. ಪಟದಲ್ಲಿದ್ದವರು ಎದ್ದು ಬರುವಂತಿದ್ದರೆ ಆವತ್ತೇ ಬರುತ್ತಿದ್ದರು.

ಎರಡು ಸಾವಿರದ ಎರಡರಲ್ಲಿ ಸರ್ವಮಂಗಳಕ್ಕನ ಮಗಳು ಲಾಸ್ಯಳ ನಿಶ್ಚಿತಾರ್ಥವಾಯಿತು. ಬೀಗರು ಬೆಂಗಳೂರಿನಿಂದ ಒಂದು ಆರ್ಕಿಡ್ ಕುಂಡ ತಂದುಕೊಟ್ಟರು. ಬಿಲ್ಲಿನ ಹಾಗೆ ಬಾಗಿದ ಕಡ್ಡಿ, ಅದರ ಉದ್ದಕ್ಕೂ ರೆಕ್ಕೆ ಬಿಚ್ಚಿ ಕೂತ ಪತಂಗದಂಥ ನೇರಳೆ ಹೂಗಳು. ಆಗ ಮೈಸೂರಿನ ಮನೆಗಳಲ್ಲಿ ಅಂಥದ್ದನ್ನು ನೋಡಿದವರು ಕಡಿಮೆ. ಸರ್ವಮಂಗಳಕ್ಕ ಅದನ್ನು ಪೂಜಾಕೋಣೆಯ ಬಾಗಿಲ ಪಕ್ಕ ಎತ್ತರದ ಸ್ಟೂಲಿನ ಮೇಲಿಟ್ಟರು. ಮೂರು ತಿಂಗಳು ಒಂದು ಹೂವೂ ಬಾಡಲಿಲ್ಲ. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಆಮೇಲೆ ಒಂದೊಂದಾಗಿ ಉದುರಿ ಬರೀ ಕಡ್ಡಿ ಉಳಿಯಿತು. ಗಿಡ ಸತ್ತಿತೆಂದುಕೊಂಡು ಹಿತ್ತಲ ಬಾಗಿಲಿಗೆ ತಂದು ಮಾದಯ್ಯನವರನ್ನು ಕರೆದರು. ಆ ದಿನ ನಾನೂ ಅಲ್ಲಿದ್ದೆ.

ಮಾದಯ್ಯ ಕುಂಡ ಎತ್ತಿ ಒಮ್ಮೆ ಸುತ್ತ ತಿರುಗಿಸಿ ನೋಡಿದರು.

“ಸತ್ತಿಲ್ಲ ಅಮ್ಮಾವ್ರೇ. ದಣಿದೈತೆ, ಅಷ್ಟೇಯ. ಕಡ್ಡೀನ ಬುಡಕ್ಕೆ ಕತ್ತರಿಸ್ಬ್ಯಾಡಿ. ಗಂಟು ಅವೆ ನೋಡಿ, ಕೆಳಗಿಂದ ಎರಡನೇ ಗಂಟಿನ ಮ್ಯಾಲೆ ಕತ್ತರಿಸಿ. ಅಲ್ಲಿಂದ್ಲೇ ಕವಲು ಒಡೀಬೋದು. ಬೇರು ಕುಂಡದಿಂದ ಆಚೆ ಬಂದ್ರೆ ಮಣ್ಣು ಮುಚ್ಚಕ್ಕೋಗ್ಬ್ಯಾಡಿ, ಇದು ಮರದ ಮ್ಯಾಲೆ ಬದುಕೋ ಜಾತಿ, ಅದ್ಕೆ ಗಾಳಿ ಬೇಕು. ನೀರು ವಾರಕ್ಕೊಂದ್ಸಲ ಸಾಕು. ಬೇರು ಬೆಳ್ಳಗಾದ್ರೆ ಬಾಯಾರೈತೆ ಅಂತ, ಹಸ್ರಾಗಿದ್ರೆ ಸಾಕು ಅಂತ. ಸುಳೀಗೆ ಮಾತ್ರ ಒಂದನಿ ನಿಲ್ಲಬಾರ್ದು, ಕೊಳೆತೋಯ್ತದೆ. ಎಲ್ಲಿ ಮಡಗಿದ್ದೀರಿ ಇದನ್ನ? ಒಂದ್ಸಲ ನೋಡ್ಬುಟ್ರೆ ಬೆಳಕು ಎಂಗೈತೆ ಗೊತ್ತಾಯ್ತದೆ.”

“ನೋಡೋದೇನು? ಒಳಗಿದೆ. ಏನ್ ಮಾಡ್ಬೇಕು ಅದು ಹೇಳು, ನಾನೇ ಮಾಡ್ಕೋತೀನಿ” ಎಂದರು ಸರ್ವಮಂಗಳಕ್ಕ.

ವೈದ್ಯ ಅಂಗಳದಲ್ಲಿ, ರೋಗಿ ಒಳಗೆ. ರೋಗಿಯನ್ನು ಎತ್ತಿಕೊಂಡು ಬಂದು ತೋರಿಸಿ ಮತ್ತೆ ಒಳಗೆ ಇಡುವುದು. ಆರು ತಿಂಗಳು ಹೀಗೇ ನಡೆಯಿತು. ಪ್ರತಿ ಸಲ ಗಿಡ ಇನ್ನಷ್ಟು ಬಡವಾಗಿ ಬರುತ್ತಿತ್ತು. ಬುಡದ ಎಲೆ ಹಳದಿಯಾಯಿತು, ಬೇರು ಕಪ್ಪಾಗಿ ಮೆತ್ತಗಾಯಿತು. ಕೊನೆಗೊಂದು ದಿನ ಮಾದಯ್ಯ ಕುಂಡವನ್ನು ಮೂಗಿಗೆ ಹಿಡಿದು ಬಹಳ ಹೊತ್ತು ವಾಸನೆ ನೋಡಿದರು. ಕುಂಡದೊಳಗಿನ ಮರದ ತೊಗಟೆಯ ಮೇಲೆ ಬೆಳ್ಳಗೆ ಏನೋ ಕಟ್ಟಿಕೊಂಡಿತ್ತು.

“ಯಾವ ನೀರು ಆಕ್ತೀರಿ ಅಮ್ಮಾವ್ರೇ?”

“ಒಳ್ಳೇ ನೀರೇ ಹಾಕೋದು. ನಿನಗಿಂತ ಶುದ್ಧವಾಗೇ ಇದೆ” ಎಂದು ಅಕ್ಕ ಬಾಗಿಲು ಹಾಕಿಕೊಂಡರು.

ಗೇಟಿನ ಹತ್ತಿರ ಮಾದಯ್ಯ ನನ್ನನ್ನು ತಡೆದರು. “ಮೇಷ್ಟ್ರೇ, ನೀವ್ ಒಳಕ್ಕೋಯ್ತೀರಲ್ಲ. ಬೆಳಗ್ಗೆ ಹೊತ್ತು ಏನ್ ಆಕ್ತಾರೆ ಒಂದಪ ನೋಡ್ಬುಟ್ಟು ಹೇಳಿ. ನನ್ ಕೈಲಾಗ್ದೇ ಇರೋದು ಇದೊಂದೇಯ.”

ನಾನು ನೋಡಿದೆ. ನೋಡಲು ಕಷ್ಟವೇನಿರಲಿಲ್ಲ. ಅಕ್ಕ ಲಿಂಗಪೂಜೆ ಮುಗಿಸಿ ತಟ್ಟೆಯಲ್ಲಿ ಉಳಿದ ನೀರನ್ನು ತಂದರು. ವಿಭೂತಿ ಕದಡಿ ಹಾಲು ಬೆರೆತ ನೀರು. ಅಂಥ ನೀರನ್ನು ಕಾಲು ತಾಗುವ ಜಾಗಕ್ಕೆ ಚೆಲ್ಲುವಂತಿಲ್ಲ. ನಮ್ಮ ಮನೆಯಲ್ಲೂ ಅದನ್ನು ಗಿಡದ ಬುಡಕ್ಕೇ ಹಾಕುತ್ತೇವೆ. ಅಕ್ಕನೂ ಮೊದಲೆಲ್ಲ ಹಿತ್ತಲಿನ ದಾಸವಾಳಕ್ಕೆ ಹಾಕುತ್ತಿದ್ದರು. ಮಂಡಿನೋವು ಶುರುವಾಗಿ ಹಿತ್ತಲ ನಾಲ್ಕು ಮೆಟ್ಟಿಲು ಇಳಿಯುವುದು ಕಷ್ಟವಾಗಿತ್ತು. ಪೂಜಾಕೋಣೆಯ ಪಕ್ಕದಲ್ಲೇ ಕೈಗೆಟುಕುವಂತೆ ಒಂದು ಗಿಡ ಇತ್ತಲ್ಲ. ದಿನವೂ ಬೆಳಗ್ಗೆ, ತಪ್ಪದೆ, ಭಕ್ತಿಯಿಂದ, ನೇರ ಸುಳಿಗೆ ಸುರಿಯುತ್ತಿದ್ದರು. ದಾಸವಾಳ ಅದನ್ನೆಲ್ಲ ಕುಡಿದು ಅರಗಿಸಿಕೊಂಡಿತ್ತು. ಆರ್ಕಿಡ್ಡಿಗೆ ಆಗಲಿಲ್ಲ.

ಮಾದಯ್ಯನವರಿಗೆ ಹೇಳಿದೆ. ಅವರು ತಲೆಯಾಡಿಸಿದರು.

“ವಿಭೂತಿ ಗಮಲು ಅಂತ್ಲೇ ಅಂದ್ಕಂಡೆ. ನಾನ್ ಹೇಳಕ್ಕಾಯ್ತದಾ ಮೇಷ್ಟ್ರೇ? ನಿಮ್ಮ ಪೂಜೆ ನೀರು ಗಿಡ ಕೊಲ್ತು ಅಂತ ನಾನಂದ್ರೆ ಚರ್ಮ ಸುಲೀತಾರೆ. ನೀವು ಹೇಳಿ. ನೀವು ಅವ್ರ ಕಡೆಯೋರು, ನಿಮ್ ಮಾತು ಕೇಳ್ತಾರೆ.”

“ಹೇಳ್ತೀನಿ ಬಿಡು” ಎಂದೆ. ಆಗ ನಾನು ಅವರಿಗೆ ಏಕವಚನವೇ ಬಳಸುತ್ತಿದ್ದದ್ದು. ಇಲ್ಲಿ ಬರೆಯುವಾಗ ಕೊಡುತ್ತಿರುವ ಮರ್ಯಾದೆ ತಡವಾಗಿ ಬಂದದ್ದು.

ಹೇಳಲಿಲ್ಲ. ಹೇಳಬೇಕೆಂದೇ ಮೂರು ಸಲ ಹೋದೆ. ಮೊದಲ ಸಲ ಉಪ್ಪಿಟ್ಟು ಕೊಟ್ಟರು, ಮಾತು ಉಪ್ಪಿಟ್ಟಿನ ಜೊತೆ ಒಳಗೆ ಹೋಯಿತು. ಎರಡನೇ ಸಲ ಮನೆತುಂಬ ನೆಂಟರು. ಮೂರನೇ ಸಲ ಅಕ್ಕ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇಟ್ಟುಕೊಂಡು ಪೂಜೆ ಮುಗಿಸಿ ಶಾಂತವಾಗಿ ಬಂದರು. ಅವರ ಮುಖ ನೋಡಿ, ಇಂಥವರಿಗೆ ಇದನ್ನು ಹೇಗೆ ಹೇಳುವುದೆಂದು ಸುಮ್ಮನಾದೆ. ದಾಕ್ಷಿಣ್ಯ ಎಂದು ಇದಕ್ಕೆ ಒಳ್ಳೆಯ ಹೆಸರಿಟ್ಟಿದ್ದೇವೆ. ಹೇಡಿತನ ಎಂದರೆ ಯಾರಿಗೂ ಇಷ್ಟವಾಗುವುದಿಲ್ಲ.

ಆ ಗಿಡ ಸತ್ತಿತು. ಇನ್ನೊಂದು ತರಿಸಿದರು, ಅದೂ ಸತ್ತಿತು. ಎರಡು ಸಾವಿರದ ನಾಲ್ಕರ ಸಂಕ್ರಾಂತಿಗೆ ಬಳಗದ ಹೆಂಗಸರು ಎಳ್ಳುಬೆಲ್ಲಕ್ಕೆ ಸೇರಿದಾಗ ಸರ್ವಮಂಗಳಕ್ಕ ಎಲ್ಲರ ಮುಂದೆ ಹೇಳಿದರು. “ಮಾದಯ್ಯನ ಕೈಗುಣ ಹೋಯ್ತು ಕಣ್ರೀ. ನಮ್ಮನೇಲಿ ಎರಡು ಗಿಡ ತೆಗೆದುಬಿಟ್ಟ. ನೀವೂ ಹುಷಾರಾಗಿರಿ.”

ಎಳ್ಳುಬೆಲ್ಲದ ಜೊತೆ ಆ ಮಾತೂ ಮನೆಮನೆಗೆ ಹೋಯಿತು. ಅದುವರೆಗೆ ಯಾರ ಗಮನಕ್ಕೂ ಬರದಿದ್ದ ಒಣಗಿದ ಗುಲಾಬಿ, ಹುಳ ಹಿಡಿದ ನಿಂಬೆ, ಎಲ್ಲವೂ ಒಮ್ಮೆಲೇ ಮಾದಯ್ಯನವರ ಕೈಯಿಂದಲೇ ಆದವು. ತೋಟದ ಕೆಲಸದವನಿಗೆ ಕೈಗುಣವೇ ಅನ್ನ. ಯುಗಾದಿಯ ಹೊತ್ತಿಗೆ ಹನ್ನೊಂದು ಮನೆಗಳಲ್ಲಿ ಏಳು ಮನೆ ತಪ್ಪಿಹೋದವು. ದೇವಿರಮ್ಮನವರು ಗೇಟನ್ನೂ ತೆಗೆಯದೆ “ಬೇಡಪ್ಪ ಇನ್ಮೇಲೆ” ಎಂದರಂತೆ. ಮಾದಯ್ಯ ನೆಟ್ಟ ಕರಿಬೇವು ಆಗ ಕಾಂಪೌಂಡಿನ ಮೇಲಕ್ಕೆ ಬೆಳೆದು ಬೀದಿಗೆಲ್ಲ ನೆರಳು ಕೊಡುತ್ತಿತ್ತು.

ಯುಗಾದಿಯಾದ ಮಾರನೇ ವಾರ ಮಾದಯ್ಯ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಅದರೊಳಗೆ ಸರ್ವಮಂಗಳಕ್ಕ ಆಮೇಲೆ ತರಿಸಿದ್ದ ಮೂರನೇ ಆರ್ಕಿಡ್. ಬಿಳಿ ಹೂವಿನದು. ಅದನ್ನೂ ಅದೇ ರೀತಿ ಕೊಂದು ಕಸದ ತೊಟ್ಟಿಗೆ ಎಸೆದಿದ್ದರು. ಎರಡು ಎಲೆ, ಮೂರು ಬೇರು ಉಳಿದಿದ್ದವು.

“ಮೇಷ್ಟ್ರೇ, ನೀವು ಹೇಳ್ಳಿಲ್ಲ ಅಲ್ವಾ?”

ನಾನು ಕವರಿನೊಳಗಿನ ಬೇರುಗಳನ್ನು ನೋಡಿದೆ.

“ಗೊತ್ತಾಯ್ತು ಬುಡಿ. ಇಪ್ಪತ್ತೊರ್ಷದಿಂದ ಈ ಕೈ ಊರಿದ್ದು ಯಾವ್ದೂ ಸುಮ್‌ಸುಮ್ಕೆ ಸತ್ತಿಲ್ಲ. ನನ್ ಮನೆ ಶೀಟಿಂದು, ಬ್ಯಾಸಿಗೇಲಿ ಕಾದು ಕೆಂಡವಾಯ್ತದೆ, ಇದು ಅಲ್ಲಿ ಬದುಕಕ್ಕಿಲ್ಲ. ನಿಮ್ದು ಮೂಡ್ಲ ಕಡೆ ಕಿಟ್ಕಿ. ಇಲ್ಲಿ ಮಡಗಿ. ನಾನೇ ಬಂದು ನೋಡ್ಕತೀನಿ. ಇದು ಹೂ ಬುಟ್ಟ ದಿನ ಅವ್ರ ಪ್ರದರ್ಶನದಾಗೆ ಮಡಗಿ, ಇದು ಚಿಕ್ಕಮಾದಯ್ಯ ಬೆಳೆಸಿದ್ದು ಅಂತ ನಿಮ್ ಕೈಯಾರ ಬರೀರಿ. ಅಷ್ಟು ಸಾಕು. ಕೈಗುಣ ಹೋದೋನು ಅಂತ ಅನ್ನಿಸ್ಕಂಡು ಸಾಯಕ್ಕಿಲ್ಲ ನಾನು.”

“ಬರೀತೀನಿ” ಎಂದೆ. “ಒಳಗೆ ಬಾ.”

ಅವರು ಚಪ್ಪಲಿ ಬಿಟ್ಟು, ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದು, ಗೋಣಿಚೀಲಕ್ಕೆ ಎರಡೆರಡು ಸಲ ಒರೆಸಿಕೊಂಡು ಬಂದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನ ಮನೆಯ ಹೊಸ್ತಿಲು ದಾಟಿದರು. ಕಿಟಕಿಯಲ್ಲಿ ಕೈ ಚಾಚಿ ಬಿಸಿಲು ಎಷ್ಟು ಬೀಳುತ್ತದೆಂದು ನೋಡಿದರು. ಶಾರದ ಅಡುಗೆಮನೆಯಿಂದ ಬಂದು ನೋಡಿದಳು. ಆಮೇಲೆ ಮನೆಯ ಲೋಟದಲ್ಲೇ ಕಾಫಿ ತಂದಳು. ಹೊರಗಿನ ಲೋಟವನ್ನು ಅವಳೇ ಎಲ್ಲೋ ಎಸೆದಳು. ಎಲ್ಲಿ ಎಂದು ನಾನು ಕೇಳಲಿಲ್ಲ.

ಆಮೇಲೆ ಎರಡೂವರೆ ವರ್ಷ ಆ ಗಿಡ ನಮ್ಮ ಮುಂದಿನ ಕೋಣೆಯಲ್ಲಿತ್ತು. ಮಾದಯ್ಯ ಬ್ಲೇಡನ್ನು ಬೆಂಕಿಗೆ ಹಿಡಿದು, ಕೊಳೆತ ಬೇರನ್ನೆಲ್ಲ ಕತ್ತರಿಸಿ, ಕೊಯ್ದ ಕಡೆ ಇದ್ದಿಲು ಪುಡಿ ಹಚ್ಚಿದರು. ಕಾದ ಮೊಳೆಯಿಂದ ಪ್ಲಾಸ್ಟಿಕ್ ಡಬ್ಬಕ್ಕೆ ಸುತ್ತಲೂ ತೂತು ಮಾಡಿ, ಇದ್ದಿಲು ಚೂರು, ಹೆಂಚಿನ ಚೂರು, ನೆನೆಸಿ ಹಿಂಡಿದ ತೆಂಗಿನಕಾಯಿ ಮಟ್ಟೆಯ ತುಂಡು ಸೇರಿಸಿ ಗಿಡ ಕೂರಿಸಿದರು. ಒಂದು ಚಿಟಿಕೆ ಮಣ್ಣು ಹಾಕಲಿಲ್ಲ. ಡಬ್ಬ ಪಾರದರ್ಶಕವಾಗಿದ್ದರಿಂದ ಬೇರಿನ ಬಣ್ಣ ಹೊರಗಿನಿಂದಲೇ ಕಾಣುತ್ತಿತ್ತು. ಬೆಳ್ಳಗಾದ ದಿನ ಡಬ್ಬವನ್ನು ಹತ್ತು ನಿಮಿಷ ನೀರಿನಲ್ಲಿ ಮುಳುಗಿಸಿಟ್ಟು, ತೊಟ್ಟಿಕ್ಕುವುದು ನಿಂತ ಮೇಲೆ ಮತ್ತೆ ಕಿಟಕಿಗೆ. ಸುಳಿಯಲ್ಲಿ ಒಂದು ಹನಿ ಕಂಡರೆ ದೀಪದ ಹತ್ತಿಬತ್ತಿಯ ತುದಿಯಿಂದ ಹೀರಿಸಬೇಕು. ಈ ಕೆಲಸ ಶಾರದಳದ್ದಾಯಿತು. ಬೇಸಿಗೆಯಲ್ಲಿ ತಟ್ಟೆಗೆ ಬೆಣಚುಕಲ್ಲು ಹರಡಿ, ನೀರು ಹಾಕಿ, ಕಲ್ಲಿನ ಮೇಲೆ ಡಬ್ಬ. ಬೇರು ನೀರಿಗೆ ತಾಗಬಾರದು, ತೇವದ ಗಾಳಿ ಮಾತ್ರ ತಾಗಬೇಕು. ಎಲೆ ಕಡುಹಸಿರಾದರೆ ಬೆಳಕು ಸಾಲದು, ಕೆಂಪಡರಿದರೆ ಜಾಸ್ತಿಯಾಯಿತು ಎಂದು ಎಲೆಯಿಂದಲೇ ತಿಳಿಯುತ್ತಿದ್ದರು.

ವಾರಕ್ಕೊಮ್ಮೆ ಬಂದು ಅದರ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಕುರ್ಚಿ ತೋರಿಸಿದರೂ ಕೂರುತ್ತಿರಲಿಲ್ಲ. ಗಿಡಕ್ಕೆ ಬೈಯುತ್ತಿದ್ದರು. “ಏನ್ ಅಮ್ಮಾವ್ರೇ, ಇನ್ನೂ ಎಷ್ಟು ದಿನ ಕೂತಿರ್ತೀರಿ? ಆ ಮನೇಲಿ ಹಾಲು ಕುಡ್ದು ಸೊಕ್ಕು ಬಂದುಬುಡ್ತಾ?” ಎನ್ನುತ್ತಿದ್ದರು. ಮೊದಲ ವರ್ಷ ಒಂದು ಎಲೆ ಬಂತು. ಎರಡನೇ ವರ್ಷ ಎರಡು ಎಲೆ, ಡಬ್ಬದ ತೂತಿನಿಂದ ಹೊರಗೆ ಬಂದ ನಾಲ್ಕು ದಪ್ಪ ಬೇರು. ಹೂವಿಲ್ಲ. ಅಷ್ಟರಲ್ಲಿ ಅವರ ಕೈಯಲ್ಲಿ ನಾಲ್ಕು ಮನೆಗಳೂ ಉಳಿದಿರಲಿಲ್ಲ, ಎರಡೇ. ಕಟ್ಟಡದ ಕೆಲಸಕ್ಕೆ ಕಲ್ಲು ಹೊರಲು ಹೋಗುತ್ತಿದ್ದರು. ಸಿಮೆಂಟಿನಿಂದ ಬಿರಿದ ಆ ಬೆರಳುಗಳಲ್ಲಿ ಎಲೆಯ ಧೂಳು ಒರೆಸುವುದನ್ನು ನೋಡುವಾಗೆಲ್ಲ ನನಗೆ ಸರ್ವಮಂಗಳಕ್ಕನ ಮನೆಗೆ ಹೋಗಿ ಕೂಗಾಡಬೇಕೆನಿಸುತ್ತಿತ್ತು. ಹೋಗುತ್ತಿರಲಿಲ್ಲ.

ಎರಡು ಸಾವಿರದ ಆರರ ಆಷಾಢಕ್ಕೆ ಮೊದಲು ಅವರು ಹೇಳಿದರು. “ಈ ಸಲ ಕಿಟ್ಕಿ ಮುಚ್ಬ್ಯಾಡಿ ಮೇಷ್ಟ್ರೇ, ರಾತ್ರೀನೂವೆ. ಆಷಾಢದ ಗಾಳಿ ಬಡೀಲಿ. ಬ್ಯಾಸಿಗೆ ಸೆಕೆ ಕಳದು ಒಂದೂವರೆ ತಿಂಗ್ಳು ತಂಪು ಬಿದ್ರೇನೇ ಇದ್ಕೆ ಹೂವಿನ ಯೋಚ್ನೆ ಬರೋದು. ಬೆಚ್ಗೆ ಮಡಗಿದ್ರೆ ಬರೀ ಎಲೆ ಬುಡ್ತದೆ.” ಶಾರದ ಕಂಬಳಿ ಹೊದ್ದು ಗೊಣಗಿಕೊಂಡು ಮಲಗಿದಳು, ಕಿಟಕಿ ಮಾತ್ರ ಮುಚ್ಚಲಿಲ್ಲ. ಶ್ರಾವಣ ಹುಟ್ಟುವ ಹೊತ್ತಿಗೆ ಎಲೆಯ ಕಂಕುಳಲ್ಲಿ ಹಸಿರು ಮೊಳಕೆಯೊಂದು ಕಂಡಿತು. ಬೇರೆಂದುಕೊಂಡೆ. ಮಾದಯ್ಯ ಬಗ್ಗಿ ನೋಡಿದವರು ಎದ್ದು ನಿಂತು ಗೋಡೆಗೆ ಕೈ ಕೊಟ್ಟರು. “ಬೇರಲ್ಲ. ಬೇರಿನ ತುದಿ ಗುಂಡಗಿರ್ತದೆ. ಇದು ಚಪ್ಪಟೆ. ಹೂವಿನ ಕಡ್ಡಿ” ಎಂದರು. ಕಡ್ಡಿ ಬಂದ ಮೇಲೆ ಡಬ್ಬವನ್ನು ಒಂದಿಷ್ಟೂ ತಿರುಗಿಸಬಾರದೆಂದು ಕಿಟಕಿಯ ದಂಡೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಹೋದರು. ಆಯುಧಪೂಜೆಗೆ ಮೂರು ದಿನ ಮುಂಚೆ ಏಳು ಹೂವು ಬಿಟ್ಟವು. ಬಿಳಿ ಎಸಳು, ನಡುವೆ ಗುಲಾಬಿ ನಾಲಿಗೆ.

ಪ್ರದರ್ಶನದ ಬೆಳಗ್ಗೆ ಮಾದಯ್ಯ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಬಂದರು. ಗಿಡವನ್ನು ಎದೆಗೆ ಅವಚಿಕೊಂಡು ನಡೆದೇ ಮಂಟಪಕ್ಕೆ ತಂದರು, ಸೈಕಲ್ಲಿನ ಕುಲುಕಾಟಕ್ಕೆ ಹೂ ಉದುರೀತೆಂದು. ಮೇಜಿನ ಮೇಲಿಟ್ಟ ಕೂಡಲೇ ಹೆಂಗಸರು ಸೇರಿದರು. ಅಂಥ ಹೂವು ಆ ಸಾಲಿನಲ್ಲಿ ಇನ್ನೊಂದಿರಲಿಲ್ಲ. ಮಾದಯ್ಯ ಎರಡು ಹೆಜ್ಜೆ ಹಿಂದೆ, ಕಂಬದ ಪಕ್ಕ ಕೈಕಟ್ಟಿ ನಿಂತರು.

ಸರ್ವಮಂಗಳಕ್ಕ ಬಂದರು. “ಯಾರದ್ದು ಮೇಷ್ಟ್ರೇ ಇದು? ಎಷ್ಟು ಚೆನ್ನಾಗಿದೆ.”

ನನಗೆ ಖುಷಿ ತಡೆಯಲಾಗಲಿಲ್ಲ. ಎಲ್ಲರೆದುರು ಒಮ್ಮೆ ಹೇಳಿಬಿಟ್ಟರೆ ಮಾದಯ್ಯನವರ ಮೇಲಿನ ಮಾತೆಲ್ಲ ತೊಳೆದುಹೋಗುತ್ತದೆಂದುಕೊಂಡೆ. “ನೀವು ಸತ್ತಿತು ಅಂತ ಕಸಕ್ಕೆ ಎಸೆದಿದ್ರಲ್ಲ ಅಕ್ಕ, ಬಿಳೀ ಆರ್ಕಿಡ್ಡು, ಅದೇ ಇದು. ಮಾದಯ್ಯ ಬದುಕಿಸಿದಾನೆ” ಎಂದೆ.

ಅಕ್ಕ ಹೂವಿನ ಹತ್ತಿರ ಬಗ್ಗಿ ನೋಡಿದರು. ಆಮೇಲೆ ನಕ್ಕರು.

“ಹಾಗನ್ನಿ. ನಮ್ಮನೆ ಗಿಡವೇ. ಅದಕ್ಕೇ ಇಷ್ಟು ಚೆನ್ನಾಗಿ ಬಂದಿದೆ, ಪೂಜೆ ನೀರು ಕುಡಿದು ಬೆಳೆದಿದ್ದಲ್ವಾ. ನನ್ನ ಹೆಸರು ಬರೀರಿ ಮೇಷ್ಟ್ರೇ. ಸದಸ್ಯರಲ್ಲದವರ ಹೆಸರು ಹಾಕೋ ಪದ್ಧತಿ ನಮ್ಮಲ್ಲಿಲ್ಲ, ನಿಮಗೇ ಗೊತ್ತಲ್ಲ. ಜಡ್ಜ್‌ಗಳು ಹನ್ನೊಂದಕ್ಕೆ ಬರ್ತಾರೆ, ಬೇಗ ಬರೀರಿ.”

ಪೆನ್ನು ನನ್ನ ಕೈಯಲ್ಲಿತ್ತು. ಹೇಳಬೇಕಾದ ಮಾತು ಮೂರು ವರ್ಷದಿಂದ ಬಾಯಲ್ಲಿತ್ತು. ಆ ನೀರೇ ಇದನ್ನು ಕೊಂದದ್ದು, ಈ ಮನುಷ್ಯ ಅದನ್ನು ಎತ್ತಿ ಬದುಕಿಸಿದ, ನೀವು ಅವನ ಅನ್ನ ಕಿತ್ತುಕೊಂಡಿರಿ ಎಂದು ಹೇಳಬೇಕಾಗಿತ್ತು. ಇಪ್ಪತ್ತು ಹೆಂಗಸರು ನನ್ನನ್ನು ನೋಡುತ್ತಿದ್ದರು. ಅರ್ಧ ಜನ ನನ್ನ ನೆಂಟರು. ಕಂಬದ ಪಕ್ಕದಿಂದ ಮಾದಯ್ಯನವರೂ ನೋಡುತ್ತಿದ್ದರು.

ಬರೆದೆ. ‘ಆರ್ಕಿಡ್. ಬೆಳೆಸಿದವರು: ಶ್ರೀಮತಿ ಸರ್ವಮಂಗಳಾ, ಜಯಲಕ್ಷ್ಮಿಪುರಂ.’ ಅಕ್ಷರ ಎಂದಿನಂತೆ ದುಂಡಗೆ ಬಂದವು. ಕೈ ನಡುಗಿದ್ದರೆ ನನಗೆ ಸ್ವಲ್ಪವಾದರೂ ಸಮಾಧಾನವಿರುತ್ತಿತ್ತು.

ಮಾದಯ್ಯನವರಿಗೆ ಓದಲು ಬರುತ್ತಿತ್ತು. ಮೇಜಿನ ಹತ್ತಿರ ಬಂದು ಚೀಟಿಯನ್ನು ನಿಧಾನವಾಗಿ, ಅಕ್ಷರ ಅಕ್ಷರ ಕೂಡಿಸಿ ಓದಿದರು. ನನ್ನ ಮುಖ ನೋಡಲಿಲ್ಲ. ಎರಡು ಕೈಯಲ್ಲಿ ಗಿಡ ಎತ್ತಿಕೊಂಡರು.

“ಏಯ್, ಎಲ್ಲಿಗೆ ತಗೊಂಡು ಹೋಗ್ತಿದೀಯಾ? ಇಡು ಅಲ್ಲಿ” ಎಂದರು ಸರ್ವಮಂಗಳಕ್ಕ.

“ಅಮ್ಮಾವ್ರೇ, ನಿಮ್ಮ ಚೀಟಿ ಐತಲ್ಲ ಮ್ಯಾಜಿನ ಮ್ಯಾಲೆ, ಅದನ್ನ ಮಡಿಕಳಿ” ಎಂದು ಮಾದಯ್ಯ ಹೊರಟೇಬಿಟ್ಟರು. ಯಾರೂ ತಡೆಯಲಿಲ್ಲ. ಖಾಲಿ ಮೇಜಿನ ಮೇಲೆ ನನ್ನ ಚೀಟಿ ಮಾತ್ರ ಉಳಿಯಿತು.

ಆಮೇಲಿನದನ್ನು ನನಗೆ ಹೇಳಿದವರು ದೇವಿರಮ್ಮ. ಕಾಲುನೋವೆಂದು ಆ ದಿನ ಅವರು ಪ್ರದರ್ಶನಕ್ಕೆ ಬಂದಿರಲಿಲ್ಲ. ಗೇಟಿನ ಚಿಲಕ ಬಡಿದ ಸದ್ದಾಗಿ ಹೊರಗೆ ಬಂದರೆ, ಬೀದಿಯಲ್ಲಿ ಏಳು ಹೂವಿನ ಗಿಡ ಹಿಡಿದು ಮಾದಯ್ಯ ನಿಂತಿದ್ದರಂತೆ. “ನೋಡಿ ಅಮ್ಮಾವ್ರೇ. ಇದು ಈ ಕೈ” ಎಂದಷ್ಟೇ ಹೇಳಿ ಮುಂದಿನ ಮನೆಗೆ ಹೋದರಂತೆ. ತಮ್ಮನ್ನು ಬಿಡಿಸಿದ್ದ ಏಳು ಮನೆಗಳ ಗೇಟನ್ನೂ ಬಡಿದರು. ಜನ ಇದ್ದ ಮನೆಯಲ್ಲಿ ಜನರಿಗೆ ತೋರಿಸಿದರು. ಎಲ್ಲರೂ ಪ್ರದರ್ಶನಕ್ಕೆ ಹೋಗಿದ್ದ ಮನೆಯಲ್ಲಿ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಂತು ಬಂದರು. ಆಮೇಲೆ ಬಿಸಿಲಲ್ಲಿ ಹೂಟಗಳ್ಳಿಯ ತಮ್ಮ ಮನೆಯವರೆಗೆ ನಡೆದರು.

ದೀಪಾವಳಿ ಕಳೆದ ಮೇಲೆ ದೇವಿರಮ್ಮ ಹೇಳಿಕಳಿಸಿದರು. ಇನ್ನೂ ಮೂರು ಮನೆಯವರು ಕರೆದರು. ಮಾದಯ್ಯ ಎಲ್ಲರಿಗೂ ಒಂದೇ ಮಾತು ಹೇಳಿದರಂತೆ. “ಒಳಗಿನ ಗಿಡ ಒಳಕ್ಕೆ ಬಂದೇ ನೋಡೋದು. ಒಪ್ಪಿದ್ರೆ ಬತ್ತೀನಿ.” ಇಬ್ಬರು ಒಪ್ಪಿದರು, ಇಬ್ಬರು ಒಪ್ಪಲಿಲ್ಲ. ಒಪ್ಪಿದ ದೇವಿರಮ್ಮನವರು ಮಾದಯ್ಯ ಹೋದ ಮೇಲೆ ನೆಲ ಒರೆಸಿಸುತ್ತಾರೆಂದು ಕೇಳಿದ್ದೇನೆ. ಒರೆಸಿಸಲಿ, ನೆಲವಾದರೂ ಚೊಕ್ಕಟವಾದೀತು. ಸರ್ವಮಂಗಳಕ್ಕನ ಹಾಲ್‌ನಲ್ಲಿ ಈಗ ಪ್ಲಾಸ್ಟಿಕ್ ಆರ್ಕಿಡ್ ಇದೆಯಂತೆ. ನಾನು ಅಲ್ಲಿಗೆ ಹೋಗುವುದನ್ನೂ ಚೀಟಿ ಬರೆಯುವುದನ್ನೂ ಬಿಟ್ಟೆ. ಅದರಿಂದ ಯಾರಿಗೂ ಏನೂ ಉಪಕಾರವಾಗಲಿಲ್ಲ.

ಮಾದಯ್ಯ ನಮ್ಮ ಮನೆಗೆ ಮತ್ತೆ ಬರಲಿಲ್ಲ. ಕಿಟಕಿಯ ದಂಡೆಯ ಮೇಲಿನ ಸೀಮೆಸುಣ್ಣದ ಗುರುತನ್ನು ಶಾರದ ಅಳಿಸಲಿಲ್ಲ.

ಎರಡು ವರ್ಷದ ಮೇಲೆ, ಎರಡು ಸಾವಿರದ ಎಂಟರ ಶ್ರಾವಣದಲ್ಲಿ, ಧೈರ್ಯ ಮಾಡಿ ಹೂಟಗಳ್ಳಿಗೆ ಹೋದೆ. ಶೀಟು ತೆಗೆಸಿ ತಾರಸಿ ಹಾಕಿಸಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡಲು ಕಾಲೆತ್ತಿದೆ.

“ಬನ್ನಿ ಮೇಷ್ಟ್ರೇ. ಇಲ್ಲೇ ಕೂತ್ಕಳಿ” ಎಂದು ಮಾದಯ್ಯ ಜಗುಲಿಯ ಮೇಲೆ ಚಾಪೆ ಹಾಸಿದರು. ಮಾತಿನಲ್ಲಿ ಒಂದಿಷ್ಟೂ ಕೋಪವಿರಲಿಲ್ಲ. ಚಹಾ ಬಂತು. ಗಾಜಿನ ಲೋಟ. ಅವರ ಕೈಯಲ್ಲಿದ್ದದ್ದು ಸ್ಟೀಲಿನದು.

ತಪ್ಪಾಯಿತೆಂದು ಹೇಳಲು ಹೋಗಿದ್ದೆ. “ಗಿಡ ಹೇಗಿದೆ? ಒಂದ್ಸಲ ನೋಡಬಹುದಾ?” ಎಂದಷ್ಟೇ ಬಾಯಿಂದ ಬಂತು.

“ನೋಡಿ, ಅದಕ್ಕೇನಂತೆ” ಎಂದು ಎದ್ದರು. ನಾನೂ ಎದ್ದೆ. “ನೀವ್ ಕೂತ್ಕಳಿ” ಎಂದು ಒಳಗೆ ಹೋದರು.

ಗಿಡವನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ಹೊಸ್ತಿಲ ಈಚೆ, ನನ್ನ ಮುಂದೆ ಇಟ್ಟರು. ಎಲೆಗಳು ಅಂಗೈಗಿಂತ ಅಗಲವಾಗಿದ್ದವು. ಚಪ್ಪಟೆ ತುದಿಯ ಎರಡು ಕಡ್ಡಿ ಮೂಡಿದ್ದವು. ನಾನು ಅದನ್ನು ಒಮ್ಮೆ ಸುತ್ತ ತಿರುಗಿಸಿ ನೋಡಿದೆ. ಅವರು ಸ್ವಲ್ಪ ಹೊತ್ತು ಕಾದು, ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ಒಳಗೆ ಇಟ್ಟು ಬಂದರು.